ಅಟ್ಟದಲ್ಲಿ ಚೆನ್ನಾಗಿದ್ದದ್ದು ಬೀರುವಿನಲ್ಲಿ ಬೂಷ್ಟು ಹಿಡಿದದ್ದು ಯಾಕೆ? ಒಂದು ಮಲೆನಾಡಿನ ಮನೆಯ ಫೋಟೊ, ಕಾಗದ ಮತ್ತು ಮಗುವಿನ ಡೈರಿ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆ ಇದು. ಹೆಸರು, ಊರು ಹಾಕುವುದು ಬೇಡ ಎಂದು ಮನೆಯವರು ಹೇಳಿದ್ದಾರೆ, ಹಾಗಾಗಿ ಎಲ್ಲರನ್ನೂ ಸಂಬಂಧದಿಂದಲೇ ಕರೆಯುತ್ತೇನೆ. ಮೊಮ್ಮಗಳು ನನ್ನ ಗೆಳತಿ, ಬೆಂಗಳೂರಿನಲ್ಲಿ ಕೆಲಸ. ಅವಳ ಅಪ್ಪ ಮನೆಗೆ ದೊಡ್ಡ ಮಗ, ತೋಟ ನೋಡಿಕೊಂಡು ಊರಲ್ಲೇ ಇದ್ದಾರೆ. ಅತ್ತೆ ಮೈಸೂರಿನಲ್ಲಿ, ಚಿಕ್ಕಪ್ಪ ಅಮೆರಿಕದಲ್ಲಿ. ಅಜ್ಜ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು, ಈಗಿಲ್ಲ. ಅಜ್ಜಿ ಇದ್ದಾರೆ. ಎಂಬತ್ತು ದಾಟಿದೆ, ಕಣ್ಣು ಸ್ವಲ್ಪ ಮಂಜು, ನೆನಪು ಮಾತ್ರ ಗಟ್ಟಿ. ನಾನು ಕಾಲೇಜೊಂದರ ಲೈಬ್ರರಿಯಲ್ಲಿರುವವಳು, ಹಳೆ ಕಾಗದಪತ್ರ ಕೆಡದಂತೆ ಇಡುವ ಕೆಲಸವನ್ನು ಒಂದಿಷ್ಟು ಕಲಿತಿದ್ದೇನೆ. ಅದಕ್ಕೇ ನನ್ನನ್ನು ಕರೆದರು.

ಸಮಸ್ಯೆ ಏನೆಂದರೆ, ಮಳೆಗಾಲ ಮುಗಿದ ಮೇಲೆ ಒಂದು ದಿನ ಹಿಂದಿನ ಕೋಣೆಯ ಬೀರು ತೆಗೆದಾಗ ಒಳಗಿದ್ದ ಫೋಟೊ, ಕಾಗದ ಎಲ್ಲದರ ಮೇಲೂ ಬಿಳಿ ಬೂಷ್ಟು. ಕೆಲವು ಫೋಟೊ ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಅಜ್ಜ ಬರೆದಿದ್ದ ಮಗುವಿನ ಡೈರಿಯ ಬೆನ್ನಿನ ಹತ್ತಿರ ಹುಳ ತಿಂದಿತ್ತು. ಗೆಳತಿಗೆ ಆ ಡೈರಿಯದೇ ಚಿಂತೆ, ಯಾಕೆಂದರೆ ಡೈರಿಯಲ್ಲಿರುವ ಮಗು ಅವಳೇ.

ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ಈ ಸಾಮಾನೆಲ್ಲ ಹತ್ತಾರು ವರ್ಷ ಇದೇ ಮನೆಯಲ್ಲಿ, ಇದೇ ಮಳೆಯಲ್ಲಿ ಚೆನ್ನಾಗಿಯೇ ಇತ್ತಂತೆ. ಆಗುಂಬೆ ಇರುವ ತಾಲ್ಲೂಕು ಇದು. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಗೆಲ್ಲ ಹಿಡಿಯದ ಬೂಷ್ಟು ಈಗ ಯಾಕೆ ಹಿಡಿಯಿತು?

ಕೇಳುತ್ತಾ ಹೋದಾಗ ಗೊತ್ತಾಯಿತು. ಅಜ್ಜ ಇದ್ದಾಗ ಎಲ್ಲವೂ ಒಂದು ತಗಡಿನ ಟ್ರಂಕಿನಲ್ಲಿ, ಅಡುಗೆಮನೆಯ ಮೇಲಿನ ಅಟ್ಟದಲ್ಲಿತ್ತು. ಕೆಳಗೆ ಬೆಳಗಿನಿಂದ ರಾತ್ರಿವರೆಗೆ ಸೌದೆ ಒಲೆ. ಆ ಕಾವು ಅಟ್ಟವನ್ನು ಮಳೆಗಾಲದಲ್ಲೂ ಒಣಗಿಸಿಯೇ ಇಟ್ಟಿತ್ತು, ಹೊಗೆಗೆ ಹುಳಹುಪ್ಪಟೆಯೂ ಹತ್ತಿರ ಸುಳಿಯುತ್ತಿರಲಿಲ್ಲ. ಬೀಜದ ಭತ್ತ, ಕೊಬ್ಬರಿ, ಬೆಲ್ಲ ಎಲ್ಲ ಅಲ್ಲೇ ಇಡುತ್ತಿದ್ದರಲ್ಲ, ಸುಮ್ನೆ ಅಲ್ಲ. ಆಮೇಲೆ ಗ್ಯಾಸ್ ಬಂತು. ಮನೆ ರಿಪೇರಿಯಾಯಿತು, ಹಿಂದೆ ಆರ್‌ಸಿಸಿ ಕೋಣೆ ಕಟ್ಟಿಸಿದರು, ಅಟ್ಟದ ಮಸಿ ಹಿಡಿದ ಟ್ರಂಕು ನೋಡಿ "ಇದನ್ನೆಲ್ಲ ಭದ್ರವಾಗಿ ಇಡಬೇಕು" ಎಂದು ಹೊಸ ಕಬ್ಬಿಣದ ಬೀರುವಿಗೆ ವರ್ಗಾಯಿಸಿದರು. ಬೀರು ಇದ್ದದ್ದು ಮಳೆ ಬಡಿಯುವ ಪಡುಗೋಡೆಗೆ ಒತ್ತಿಕೊಂಡು. ಗೋಡೆ ತಣ್ಣಗೆ, ಕಬ್ಬಿಣ ಇನ್ನೂ ತಣ್ಣಗೆ, ಒಳಗಿನ ಗಾಳಿಯಲ್ಲಿದ್ದ ತೇವ ಅಲ್ಲೇ ನಿಂತಿತು. ಸಾಲದ್ದಕ್ಕೆ ಫೋಟೊಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದರು, ಜುಲೈ ತಿಂಗಳಲ್ಲಿ. ಅಂದರೆ ತೇವವನ್ನೂ ಸೇರಿಸಿ ಕಟ್ಟಿದ ಹಾಗಾಯಿತು.

ಫೋಟೊ ಮೇಲಿನ ಪದರ ಜೆಲಾಟಿನ್. ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಪದಾರ್ಥ ಅದು. ಬೂಷ್ಟಿಗೆ ಒಳ್ಳೆ ಊಟ. ಗಾಳಿಯ ತೇವ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಏಳುತ್ತದೆ, ಜೆಲಾಟಿನ್ ಮೆತ್ತಗಾಗಿ ಪಕ್ಕದ್ದಕ್ಕೆ ಅಂಟುತ್ತದೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ತೇವ ಅಳೆಯುವ ಪುಟ್ಟ ಮೀಟರನ್ನು ಬೀರುವಿನಲ್ಲಿಟ್ಟೆವು. ಮಳೆ ನಿಂತ ಮೇಲೂ ಅದು 80ರ ಮೇಲೇ ಇತ್ತು. ಈ ಒಂದು ಸಂಖ್ಯೆ ನೋಡಿದ ಮೇಲೆ ದೊಡ್ಡ ಮಗ ವಾದ ಮಾಡುವುದು ಬಿಟ್ಟರು. ಅಲ್ಲಿಯವರೆಗೆ ಅವರ ಪ್ರಕಾರ ತಪ್ಪೆಲ್ಲ ಫೋಟೊ ತೊಳೆದ ಸ್ಟುಡಿಯೊದವರದು.

ಮೊದಲು ಒಣಗಿಸಿದ್ದು

ಮನೆಯವರು ನಾನು ಹೋಗುವಷ್ಟರಲ್ಲಿ ಎಲ್ಲವನ್ನೂ ಅಂಗಳದಲ್ಲಿ ಅಡಿಕೆ ಹರವಿದ ಹಾಗೆ ಹರವಲು ಹೊರಟಿದ್ದರು. ಬಿಸಿಲಿಗೆ ಹಾಕಿದರೆ ಬೂಷ್ಟು ಸಾಯುತ್ತದೆ ಎಂಬ ಲೆಕ್ಕ. ಬಿಸಿಲಿಗೆ ಫೋಟೊ ಸುರುಟಿಕೊಳ್ಳುತ್ತದೆ, ಬಣ್ಣ ಹಾರುತ್ತದೆ, ಇಂಕು ಮಾಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರಂತೂ ಮುಗಿಯಿತು, ಬೂಷ್ಟಿನ ಜೊತೆ ಮುಖವೂ ಬರುತ್ತದೆ. ನಾವು ಮಾಡಿದ್ದು ಇಷ್ಟೇ. ಜಗಲಿಯ ನೆರಳಿನಲ್ಲಿ ಹಳೆ ಬಿಳಿ ಪಂಚೆ ಹಾಸಿ, ಫೋಟೊಗಳನ್ನು ಮುಖ ಮೇಲಾಗಿ ಬಿಡಿಬಿಡಿಯಾಗಿ ಇಟ್ಟು, ದೂರದಿಂದ ಫ್ಯಾನ್ ಹಾಕಿದೆವು. ಬೂಷ್ಟು ಒಣಗಿ ಪುಡಿಯಾದ ಮೇಲೆ ಮೆತ್ತನೆ ಬ್ರಶ್ಶಿನಿಂದ ಹೊರಗಡೆ ನಿಂತು ಝಾಡಿಸಿದೆವು. ಮುಖಕ್ಕೆ ಎನ್95 ಮಾಸ್ಕ್, ಕೋವಿಡ್ ಕಾಲದ್ದು ಆ ಮನೆಯಲ್ಲಿ ರಾಶಿ ಇತ್ತು. ಅಜ್ಜಿಗೆ ದಮ್ಮಿನ ತೊಂದರೆ ಇರುವುದರಿಂದ ಆ ಹೊತ್ತಿಗೆ ಅವರನ್ನು ಒಳಗೆ ಕಳಿಸಿದೆವು. ಹೋಗಲು ಅವರು ಸುಲಭಕ್ಕೆ ಒಪ್ಪಲಿಲ್ಲ.

ಹುಳ ಹಿಡಿದಿದ್ದ ಕಾಗದದ ಕಟ್ಟುಗಳನ್ನು ಒಣಗಿದ ಮೇಲೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಟ್ಟೆವು. ಫ್ರಿಜ್ಜಿನ ಕೆಳಗಿನ ಭಾಗ ಸಾಲದು, ಐಸ್ ಕಟ್ಟುವ ಭಾಗವೇ ಆಗಬೇಕು. ಹೊರಗೆ ತೆಗೆದಾಗ ಚೀಲವನ್ನು ತಕ್ಷಣ ಬಿಚ್ಚಬಾರದು, ಕೋಣೆಯ ಬಿಸಿಗೆ ಬರುವವರೆಗೆ ಒಂದು ದಿನ ಹಾಗೇ ಬಿಡಬೇಕು, ಇಲ್ಲದಿದ್ದರೆ ಬೆವರುತ್ತದೆ. ನುಸಿಗುಳಿಗೆ ಹಾಕೋಣ ಎಂದು ಅತ್ತೆ ಫೋನಿನಲ್ಲಿ ಹೇಳಿದರು, ಬೇಡ ಎಂದೆ. ಅದರ ಆವಿ ಫೋಟೊಗೂ ಒಳ್ಳೆಯದಲ್ಲ, ಉಸಿರಾಡುವ ನಮಗೂ ಅಲ್ಲ. ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಿದರೆ ಹೇಗೆ ಎಂದು ಇನ್ನೊಬ್ಬರು ಕೇಳಿದರು. ತಾಳೆಗರಿಗೆ ಆ ಎಣ್ಣೆ ಹಚ್ಚುವುದು ನಿಜ. ಕಾಗದಕ್ಕೆ, ಫೋಟೊಗೆ ಎಣ್ಣೆ ಅಂದರೆ ಕಲೆ, ಅಷ್ಟೇ.

ಅಂಟಿಕೊಂಡಿದ್ದ ಫೋಟೊಗಳಲ್ಲಿ ಕೆಲವನ್ನು ತಣ್ಣೀರಿನಲ್ಲಿ ನೆನೆಸಿ ಬಿಡಿಸಲು ಆಯಿತು. ಕಪ್ಪು ಬಿಳುಪು ಫೋಟೊ ಮೊದಲೇ ನೀರಲ್ಲೇ ತೊಳೆದು ಬಂದದ್ದಲ್ಲವಾ, ಸ್ವಲ್ಪ ಹೊತ್ತು ಸ್ವಚ್ಛ ನೀರು ತಡೆಯುತ್ತದೆ. ಬೂಷ್ಟು ಆಳಕ್ಕೆ ಇಳಿದಿದ್ದರೆ ಮಾತ್ರ ನೀರು ಮುಟ್ಟಿಸಬಾರದು, ಜೆಲಾಟಿನ್ ಕರಗಿ ಹೋಗುತ್ತದೆ. ಅಂಥ ಒಂದು ಕಟ್ಟನ್ನು ಹಾಗೇ ಬಿಟ್ಟಿದ್ದೇವೆ. ಬೆಂಗಳೂರಿನಲ್ಲಿ ಹಳೆ ವಸ್ತುಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ಕೇಳಿ ನೋಡಬೇಕು.

ಅಜ್ಜನ ಕಟ್ಟು ಬಿಚ್ಚಬೇಡಿ

ಒಣಗಿಸುವಾಗಲೇ ಗೆಳತಿ ಕೆಲಸ ಶುರು ಮಾಡಿದ್ದಳು. ಫೋಟೊಗಳೆಲ್ಲ ಒಂದು ಕಡೆ, ಕಾಗದಗಳೆಲ್ಲ ಒಂದು ಕಡೆ, ಡೈರಿ, ಜಾತಕ, ಇತರೆ ಇನ್ನೊಂದು ಕಡೆ. ಯಾರಾದರೂ ಹೀಗೇ ಮಾಡುತ್ತಾರೆ. ನಾನು ತಡೆದೆ.

ಅಜ್ಜ ಕಟ್ಟಿಟ್ಟಿದ್ದ ರೀತಿ ಹಾಗಿರಲಿಲ್ಲ. ವರ್ಷಕ್ಕೊಂದು ಕಟ್ಟು, ಬಾಳೆನಾರಿನ ಹಗ್ಗ ಅಥವಾ ಪಂಚೆಯ ಅಂಚು ಹರಿದು ಕಟ್ಟಿದ್ದು. ಒಳಗೆ ಆ ವರ್ಷದ ಕಾಗದ, ಅದರ ಜೊತೆ ಬಂದ ಫೋಟೊ, ಮದುವೆ ಕರೆಯೋಲೆ, ಸೊಸೈಟಿ ರಸೀದಿ, ಎಲ್ಲ ಸೇರಿ. ನೋಡಲು ಕಸದ ಹಾಗೆ. ಆದರೆ ಆ ಜೋಡಣೆಯಲ್ಲೇ ಅರ್ಧ ವಿಷಯ ಇದೆ. ಫೋಟೊದ ಹಿಂದೆ ಏನೂ ಬರೆದಿಲ್ಲ, ಅದನ್ನು ಸುತ್ತಿದ್ದ ಕಾಗದದಲ್ಲಿ ಯಾರ ಉಪನಯನ, ಯಾವಾಗ, ಯಾರು ಬಂದಿದ್ದರು ಎಂಬುದೆಲ್ಲ ಇದೆ. ಬೇರೆ ಬೇರೆ ಮಾಡಿದರೆ ಫೋಟೊ ಅನಾಥ, ಕಾಗದ ಅರ್ಧ.

ಮಗುವಿನ ಡೈರಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಗೆಳತಿ ಹುಟ್ಟಿದ್ದು 1984ರ ಆಷಾಢದಲ್ಲಿ, ಸಾಗರದ ಕಡೆ ಅವಳ ಅಮ್ಮನ ತವರಿನಲ್ಲಿ. ಚೊಚ್ಚಲ ಬಾಣಂತನ, ತಾಯಿ ಮಗು ಐದು ತಿಂಗಳು ಅಲ್ಲೇ. ಅಜ್ಜ ನಾಮಕರಣಕ್ಕೆ ಹೋಗಿ ನೋಡಿ ಬಂದದ್ದು ಬಿಟ್ಟರೆ ಮಗು ಅವರ ಕಣ್ಣೆದುರು ಇರಲಿಲ್ಲ. ಆದರೂ ಡೈರಿ ಬರೆದಿದ್ದಾರೆ, ಮೊದಲ ದಿನದಿಂದ. ಹೇಗೆ? ಸೊಸೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಲೆಟರ್ ನೋಡಿಕೊಂಡು! ಮಗು ಕತ್ತು ನಿಲ್ಲಿಸಿದೆಯಂತೆ, ಮಗುಚಿಕೊಂಡಿದೆಯಂತೆ, ಬಜೆ ತೇಯ್ದು ಹಾಕಿದ ಮೇಲೆ ಹೊಟ್ಟೆನೋವು ಕಡಿಮೆಯಂತೆ. ಆ ಐದು ತಿಂಗಳ ಪುಟಗಳಲ್ಲಿ ಎಲ್ಲ 'ಅಂತೆ'. ಮಗು ಮನೆಗೆ ಬಂದ ದಿನದಿಂದ 'ಅಂತೆ' ನಿಂತು, ಅಕ್ಷರ ದೊಡ್ಡದಾಗಿ, ಒಂದು ದಿನಕ್ಕೆ ಒಂದೂವರೆ ಪುಟ. ಕಾಗದಗಳನ್ನು ಡೈರಿಯಿಂದ ಬೇರೆ ಮಾಡಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಹಾಗಾಗಿ ನಮ್ಮ ನಿಯಮ ಒಂದೇ ಆಯಿತು. ಕಟ್ಟು ಹೇಗಿದೆಯೋ ಹಾಗೇ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು, ಕಟ್ಟಿಗೊಂದು ನಂಬರು, ಒಳಗಿನ ಪ್ರತಿಯೊಂದಕ್ಕೂ ಅದೇ ಸಾಲಿನಲ್ಲಿ ನಂಬರು. ಜಾಗಕ್ಕಾಗಿ ಫೋಟೊ ಬೇರೆ ಡಬ್ಬಿಗೆ ಹೋದರೂ ನಂಬರು ಅದನ್ನು ಅದರ ಕಾಗದದ ಹತ್ತಿರಕ್ಕೆ ಕರೆತರುತ್ತದೆ.

ಅಜ್ಜಿ ಹೇಳಿದ್ದು, ಅಂಚೆ ಮುದ್ರೆ ಹೇಳಿದ್ದು

ಸ್ಕ್ಯಾನರ್ ಎಲ್ಲಿ ಸಿಗುತ್ತದೆ, ಯಾವ ಸ್ಕ್ಯಾನರ್ ಒಳ್ಳೆಯದು ಎಂದು ಚಿಕ್ಕಪ್ಪ ಅಮೆರಿಕದಿಂದ ದಿನಾ ಮೆಸೇಜು. ನನ್ನ ಲೆಕ್ಕದಲ್ಲಿ ಸ್ಕ್ಯಾನರಿಗೆ ಅವಸರ ಇರಲಿಲ್ಲ. ಅವಸರ ಇದ್ದದ್ದು ಅಜ್ಜಿಯದು. ಒಣಗಿದ ಫೋಟೊ ಇನ್ನೂ ಇಪ್ಪತ್ತು ವರ್ಷ ಕಾಯುತ್ತದೆ, ಅದರಲ್ಲಿರುವವರ ಹೆಸರು ಗೊತ್ತಿರುವವರು ಕಾಯುವುದಿಲ್ಲ.

ಅಜ್ಜಿಯನ್ನು ಕೂರಿಸಿಕೊಂಡು ಪ್ರಶ್ನೆಪಟ್ಟಿ ಹಿಡಿದರೆ ಆಗುವುದಿಲ್ಲ. ಎರಡು ಮಾತಿಗೆ ಸುಸ್ತು, "ನಂಗೆಂತ ಗೊತ್ತು ಮಾರಾಯ್ತಿ" ಎಂದು ಎದ್ದು ಹೋಗುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಕವಳ ಹಾಕಿಕೊಂಡು ಕೂತಾಗ ಪಕ್ಕದಲ್ಲಿ ಮೊಬೈಲಿನ ರೆಕಾರ್ಡರ್ ಹಾಕಿ, ಕೈಗೆ ಒಂದೊಂದೇ ಫೋಟೊ ಕೊಟ್ಟೆವು. ಕೊಡುವಾಗ ನಾವು ನಂಬರನ್ನು ಜೋರಾಗಿ ಹೇಳುವುದು, ಆಮೇಲೆ ಕೇಳುವವರಿಗೆ ಯಾವ ಫೋಟೊ ಎಂದು ಗೊತ್ತಾಗಲಿ ಎಂದು. ಕಣ್ಣಿಗೆ ಸರಿ ಕಾಣದಿದ್ದಾಗ ಟ್ಯಾಬಿನಲ್ಲಿ ದೊಡ್ಡದು ಮಾಡಿ ತೋರಿಸಿದರೆ ಅವರಿಗೇ ಖುಷಿ. ಒಂದು ಮದುವೆಯ ಗುಂಪು ಫೋಟೊದಲ್ಲಿ ಮುಖ ಗುರುತು ಸಿಗದ ಹೆಂಗಸನ್ನು ಮೂಗುತಿ ಮತ್ತು ಸೀರೆಯ ಅಂಚು ನೋಡಿ ಹೇಳಿದರು. ಆ ಸೀರೆ ಮೂರು ಜನ ಅಕ್ಕತಂಗಿಯರ ನಡುವೆ ಓಡಾಡುತ್ತಿತ್ತಂತೆ, ಆ ವರ್ಷ ಯಾರ ಹತ್ತಿರ ಇತ್ತೆಂದು ಅವರಿಗೆ ನೆನಪಿದೆ!

ಒಂದು ಗೊಂದಲ ಇಲ್ಲಿ ಬಿಡಿಸಿಕೊಂಡಿತು. ಹಳೆ ಕಾಗದಗಳಲ್ಲಿ ಬರುವ ಇಬ್ಬರು ಹೆಂಗಸರು ಬೇರೆ ಬೇರೆ ಎಂದು ಗೆಳತಿ ವಂಶವೃಕ್ಷದಲ್ಲಿ ಹಾಕಿದ್ದಳು. ಒಬ್ಬರೇ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇತ್ತಲ್ಲ, ತವರಿನಿಂದ ಬಂದ ಕಾಗದದಲ್ಲಿ ಹಳೆ ಹೆಸರು, ಗಂಡನ ಮನೆಯ ಕಾಗದದಲ್ಲಿ ಹೊಸ ಹೆಸರು. ಇಂಥದ್ದು ಯಾವ ಸಾಫ್ಟ್‌ವೇರಿಗೂ ಗೊತ್ತಾಗುವುದಿಲ್ಲ.

ತಾರೀಕು ಹಾಕದ ಕಾಗದಗಳಿಗೆ ಅಂಚೆ ಇಲಾಖೆಯೇ ಸಹಾಯ ಮಾಡಿತು. ಮುದ್ರೆ ಓದಲು ಬಂದರೆ ಸರಿ, ಇಲ್ಲದಿದ್ದರೆ ಬೇರೆ ಗುರುತುಗಳಿವೆ. ಸ್ಟಾಂಪಿನ ಮೇಲೆ ಆಣೆ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಎಂದು ಹೆಚ್ಚುಕಡಿಮೆ ಹೇಳಬಹುದು. ನಯಾ ಪೈಸೆ ಇದ್ದರೆ ಅಲ್ಲಿಂದ 1964ರ ಆಸುಪಾಸು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ಯಾಕೆಂದರೆ ಪಿನ್ ಶುರುವಾದದ್ದೇ ಅವತ್ತು. ಪಿನ್ ಇಲ್ಲ ಅಂದ ಮಾತ್ರಕ್ಕೆ ಅದಕ್ಕಿಂತ ಹಳೆಯದು ಅಂತ ಹೇಳುವ ಹಾಗಿಲ್ಲ, ನಮ್ಮ ಜನ ಈಗಲೂ ಪಿನ್ ಬರೆಯುವುದಿಲ್ಲ. 'ಮೈಸೂರು ರಾಜ್ಯ' ಎಂದು ಅಚ್ಚಾಗಿದ್ದ ಶಾಲೆಯ ಲೆಟರ್‌ಹೆಡ್ 1973ರ ನವೆಂಬರ್‌ಗಿಂತ ಮುಂಚಿನದು ಅಂತಲೇ ಹೇಳಬೇಕು. ಆದರೆ ಮೇಷ್ಟ್ರು ಹಳೆ ಲೆಟರ್‌ಹೆಡ್ ಖಾಲಿಯಾಗುವವರೆಗೆ ಬಿಸಾಡುವವರಲ್ಲ, ಕರ್ನಾಟಕ ಎಂದು ಹೆಸರಾದ ಮೇಲೂ ಅದರಲ್ಲೇ ಬರೆದಿದ್ದಾರೆ.

ಅಜ್ಜ ಇಂಗ್ಲಿಷ್ ತಾರೀಕು ಹಾಕುವುದೇ ಅಪರೂಪ. ಸಂವತ್ಸರ, ಮಾಸ, ತಿಥಿ. 'ರಕ್ತಾಕ್ಷಿ' ಅಂದರೆ 1984ರ ಯುಗಾದಿಯಿಂದ 1985ರ ಯುಗಾದಿವರೆಗೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾಗಿ 1924 ಕೂಡ ರಕ್ತಾಕ್ಷಿಯೇ, ಆದರೆ ಆಗ ಅಜ್ಜ ಹುಟ್ಟಿರಲಿಲ್ಲ. ಕಿರಿಯರಿಗೆ ಇದು ಓದಲು ಬರುವುದಿಲ್ಲ ಎಂದು ಪಟ್ಟಿಯಲ್ಲಿ ಎರಡನ್ನೂ ಬರೆದಿದ್ದೇವೆ.

ಫೋಟೊಗಳ ಹಿಂದೆ ಬರೆಯುವುದಾದರೆ ಮೆತ್ತನೆ ಪೆನ್ಸಿಲ್ ಮಾತ್ರ, ಅದೂ ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದೆ ಮುಖದ ಮೇಲೆ ಉಬ್ಬುತ್ತದೆ. ಇತ್ತೀಚಿನ ಬಣ್ಣದ ಫೋಟೊಗಳ ಹಿಂಭಾಗ ಪ್ಲಾಸ್ಟಿಕ್ಕಿನಂತೆ ನುಣ್ಣಗೆ, ಪೆನ್ಸಿಲ್ ಹಿಡಿಯುವುದಿಲ್ಲ. ಅದಕ್ಕೆ ಕವರಿನ ಮೇಲೆ ಬರೆದು ಆಮೇಲೆ ಫೋಟೊ ಒಳಗೆ ಹಾಕುವುದು.

ಡೈರಿ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಕೆಲಸವೂ ಜಾಸ್ತಿ ಆಯಿತು. ಅದು ಬ್ಯಾಂಕಿನವರು ಬಿಟ್ಟಿಯಾಗಿ ಕೊಟ್ಟ 1984ರ ಡೈರಿ, ರೆಕ್ಸಿನ್ ರಟ್ಟು. ಬರಹ ಇಂಕ್ ಪೆನ್ನಿನ ನೀಲಿ, ಅಲ್ಲಲ್ಲಿ ತೇವಕ್ಕೆ ಹರಡಿದೆ. ಪುಟಗಳ ನಡುವೆ ಅಜ್ಜ ಏನೇನೋ ಸೇರಿಸಿದ್ದಾರೆ. ಹುಟ್ಟಿದ ಸುದ್ದಿಯ ಟೆಲಿಗ್ರಾಂ ಗುಂಡುಸೂಜಿಯಲ್ಲಿ ಚುಚ್ಚಿದ್ದು. ಜಾತಕದ ಚೀಟಿ. ಚೌಲದ ಕೂದಲು, ಪೇಪರಿನ ಪೊಟ್ಟಣದಲ್ಲಿ. ಮಗುವಿನ ಪಾದದ ಗುರುತು, ಕುಂಕುಮದ ನೀರಿನಲ್ಲಿ ಅದ್ದಿ ಒತ್ತಿದ್ದು. ಬಿಸಿಜಿ, ತ್ರಿಪಲ್, ಪೋಲಿಯೊ ಹಾಕಿಸಿದ ದಿನಗಳು ಒಂದು ಪುಟದಲ್ಲಿ ಗೆರೆ ಎಳೆದು ಬರೆದಿವೆ. ಗೆಳತಿಯ ಹತ್ತಿರ ತನ್ನ ಲಸಿಕೆಯ ಬೇರೆ ದಾಖಲೆಯೇ ಇಲ್ಲ.

ಹುಳ ಎಲ್ಲಿ ತಿಂದಿದೆ ನೋಡಿದರೆ ಕಾರಣ ತಾನೇ ಗೊತ್ತಾಯಿತು. ಅಜ್ಜ ಕೆಲವನ್ನು ಮೈದಾ ಅಂಟಿನಲ್ಲಿ ಅಂಟಿಸಿದ್ದರು. ಬೆಳ್ಳಿ ಬಣ್ಣದ ಆ ಸಿಲ್ವರ್ ಫಿಶ್ ಹುಳಕ್ಕೂ ಜಿರಳೆಗೂ ಗಂಜಿ, ಅಂಟು ಅಂದರೆ ಪ್ರಾಣ. ಅಂಟು ಇದ್ದ ಚೌಕ ಮಾತ್ರ ನೀಟಾಗಿ ತಿಂದು ಬಿಟ್ಟಿದ್ದವು, ಅಕ್ಷರ ಇದ್ದ ಭಾಗ ಬಹುಪಾಲು ಉಳಿದಿತ್ತು. ಆಮೇಲೆ ಯಾರೋ ಸೆಲ್ಲೋಟೇಪ್ ಹಾಕಿ ರಿಪೇರಿ ಮಾಡಿದ್ದರು. ಆ ಟೇಪು ಕಂದಾಗಿ ಉದುರಿದೆ, ಅದರ ಗೋಂದು ಕಾಗದಕ್ಕೆ ಇಳಿದು ಹಳದಿ ಪಟ್ಟಿ ಉಳಿದಿದೆ. ಆ ಪಟ್ಟಿ ಹೋಗುವುದಿಲ್ಲ, ನಾವೂ ತೆಗೆಯಲು ಹೋಗಲಿಲ್ಲ.

ಲ್ಯಾಮಿನೇಷನ್ ಮಾಡಿಸಿಬಿಡೋಣ ಎಂದು ದೊಡ್ಡ ಮಗ. ಇದು ಎಲ್ಲ ಮನೆಯಲ್ಲೂ ಬರುವ ಮಾತು, ಜಾತಕದಿಂದ ಹಿಡಿದು ಮಾರ್ಕ್ಸ್ ಕಾರ್ಡ್‌ವರೆಗೆ. ಬೇಡವೇ ಬೇಡ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ ಮತ್ತೆ ಬಿಚ್ಚಲು ಆಗುವುದಿಲ್ಲ, ಒಳಗೆ ಕಾಗದ ಹಳದಿಯಾಗುತ್ತಾ ಹೋಗುವುದು ನಿಲ್ಲುವುದೂ ಇಲ್ಲ.

ಮಾಡಿದ್ದು ಹೀಗೆ. ಡೈರಿಯ ಹೊಲಿಗೆ ಬಿಚ್ಚಲಿಲ್ಲ. ಏನನ್ನೂ ಮುಟ್ಟುವ ಮೊದಲು ಪುಟ ಪುಟದ ಫೋಟೊ ತೆಗೆದೆವು, ಒಳಗಿನ ಚೀಟಿ ಇದ್ದಲ್ಲೇ ಒಮ್ಮೆ, ಎತ್ತಿ ಇನ್ನೊಮ್ಮೆ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಲಿಲ್ಲ, ಎಳೆದರೆ ಕಾಗದ ಹರಿಯುತ್ತದೆ. ಎರಡೂ ಕಡೆ ತೆಳುವಾದ ಪ್ಲಾಸ್ಟಿಕ್ ತುಂಡು ಇಟ್ಟು ನಿಧಾನಕ್ಕೆ ಸಡಿಲಿಸಿ ಜಾರಿಸಿದೆವು. ಟೆಲಿಗ್ರಾಂ ತೀರಾ ಸತ್ತ ಕಾಗದ, ಮಡಿಸಿದ ಗೆರೆಯಲ್ಲೇ ಮುರಿಯುತ್ತಿತ್ತು. ಅದನ್ನು ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ ಬಿಡಿಸಿಟ್ಟೆವು. ಟೆಲಿಗ್ರಾಂ ಸೇವೆಯೇ 2013ರ ಜುಲೈಯಲ್ಲಿ ನಿಂತಿತು, ಚಿಕ್ಕಪ್ಪನ ಮಕ್ಕಳಿಗೆ ಅದೇನು ಎಂದು ವಿವರಿಸಲು ವಿಡಿಯೊ ಕಾಲ್‌ನಲ್ಲಿ ಅರ್ಧ ಗಂಟೆ ಹಿಡಿಯಿತು. ಕುಂಕುಮದ ಪಾದದ ಎದುರು ಪುಟಕ್ಕೆ ಬಣ್ಣ ಹತ್ತುತ್ತಿತ್ತು, ನಡುವೆ ಆಸಿಡ್ ಫ್ರೀ, ಅಂದರೆ ಆಮ್ಲ ಇಲ್ಲದ ಕಾಗದ ಇಟ್ಟೆವು. ಹಾಗೆಂದು ಎಲ್ಲ ಪುಟದ ನಡುವೆಯೂ ಕಾಗದ ಇಟ್ಟರೆ ಡೈರಿ ಉಬ್ಬಿ ಬೆನ್ನು ಒಡೆಯುತ್ತದೆ. ಕೂದಲಿನ ಪೊಟ್ಟಣಕ್ಕೆ ಹೊಸ ಕವರು, ಹಳೆ ಪೇಪರು ಅದರ ಜೊತೆಗೇ. ಕೊನೆಗೆ ಡೈರಿಯ ಅಳತೆಗೆ ಒಂದು ರಟ್ಟಿನ ಪೆಟ್ಟಿಗೆ.

ಗೋಡೆಯ ಫೋಟೊ, ಅಂಟು ಆಲ್ಬಂ

ಜಗಲಿಯ ಗೋಡೆಯಲ್ಲಿ ಮುತ್ತಜ್ಜನ ದೊಡ್ಡ ಫೋಟೊ, ಗಾಜಿನ ಮೇಲೆ ಕುಂಕುಮ, ಗಂಧದ ಹಾರ. ಫ್ರೇಮಿನಲ್ಲಿ ಗಾಜಿಗೂ ಫೋಟೊಗೂ ಮಧ್ಯೆ ಜಾಗ ಬಿಟ್ಟಿರಲಿಲ್ಲ, ಎಡ ಭುಜ ಗಾಜಿಗೆ ಅಂಟಿತ್ತು. ಕೀಳಲಿಲ್ಲ. ಗಾಜಿನ ಸಮೇತ ಫೋಟೊ ತೆಗೆದು, ಅದರ ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಗಾಜಿನ ಜೊತೆಗೇ ಎತ್ತಿಟ್ಟೆವು. ಪ್ರತಿಗೆ ಪೂಜೆ ಮಾಡುವುದು ಹೇಗೆ ಎಂದು ದೊಡ್ಡ ಸೊಸೆ ಕೇಳಿದರು. ಅಜ್ಜಿಯೇ ಉತ್ತರ ಕೊಟ್ಟರು: ಅದೂ ಫೋಟೊನೇ, ಇದೂ ಫೋಟೊನೇ. ಫ್ರೇಮಿನ ಹಿಂದೆ ಒತ್ತಿಗೆಂದು ತುರುಕಿದ್ದ ಹಳೆ ನ್ಯೂಸ್ ಪೇಪರಿನ ತಾರೀಕಿನಿಂದ ಫ್ರೇಮು ಹಾಕಿಸಿದ ಕಾಲ ಗೊತ್ತಾಯಿತು, ಅದನ್ನು ಬಿಸಾಡದೆ ಬೇರೆ ಕವರಿಗೆ ಹಾಕಿದ್ದೇವೆ.

ಈ ಮನೆಯಲ್ಲಿ ಹೆಚ್ಚು ಹಾಳಾದದ್ದು ತೀರಾ ಹಳೆಯ ಫೋಟೊಗಳಲ್ಲ. ಅಜ್ಜಿಯ ಮದುವೆಯ ಕಪ್ಪು ಬಿಳುಪು ಆಲ್ಬಂ, ಕಪ್ಪು ಹಾಳೆ, ಮೂಲೆಗೆ ಸಿಕ್ಕಿಸುವ ತ್ರಿಕೋನ, ನಡುವೆ ಬಟರ್ ಪೇಪರು, ಇವತ್ತಿಗೂ ಗಟ್ಟಿ. ಅಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ತೆಗೆದ ಚೌಕದ ಪುಟ್ಟ ಫೋಟೊಗಳೂ ಪರವಾಗಿಲ್ಲ. ಕೆಟ್ಟದ್ದು ಎಂಬತ್ತು, ತೊಂಬತ್ತರ ದಶಕದ ಬಣ್ಣದ್ದು. ಕಪ್ಪು ಬಿಳುಪಿನಲ್ಲಿ ಚಿತ್ರ ಇರುವುದು ಬೆಳ್ಳಿಯ ಕಣದಲ್ಲಿ. ಬಣ್ಣದ್ದರಲ್ಲಿ ಇರುವುದು ಡೈ, ಕತ್ತಲಲ್ಲಿಟ್ಟರೂ ಅದು ಸಾಯುತ್ತದೆ, ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ. ಅದಕ್ಕೇ ಆ ಕಾಲದ ನಾಮಕರಣ, ಗೃಹಪ್ರವೇಶದ ಫೋಟೊಗಳಲ್ಲಿ ಎಲ್ಲರೂ ಕೆಂಪಗೆ. ಸ್ಕ್ಯಾನ್ ಮಾಡುವುದಾದರೆ ಮೊದಲು ಇವನ್ನು ಮಾಡಬೇಕು. ಎಲ್ಲರೂ ಉಲ್ಟಾ ಮಾಡುತ್ತಾರೆ, ಅತಿ ಹಳೆಯದರಿಂದ ಶುರು ಮಾಡುತ್ತಾರೆ.

ತೊಂಬತ್ತರ ದಶಕದ ಇನ್ನೊಂದು ಕಾಟ, ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೊ ಒತ್ತಿ ಮುಚ್ಚುವ ಅಂಟು ಪುಟದ ಆಲ್ಬಂ. ಆಗ ಅದೇ ಫ್ಯಾಷನ್. ಆ ಅಂಟು ಈಗ ಹಳದಿಯಾಗಿ ಫೋಟೊ ಹಿಡಿದುಕೊಂಡಿದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಹಲ್ಲಿನ ಫ್ಲಾಸ್ ದಾರವನ್ನು, ಮೇಣ ಇಲ್ಲದ್ದು, ಫೋಟೊ ಕೆಳಗೆ ಒಂದು ಮೂಲೆಯಿಂದ ಗರಗಸದ ಹಾಗೆ ಆಡಿಸುತ್ತಾ ಹೋದರೆ ಬಹಳಷ್ಟು ಬಿಡಿಸಿಕೊಂಡವು. ಬಿಡದವನ್ನು ಬಾಗಿಸಲು ಹೋಗಲಿಲ್ಲ. ಪುಟದ ಸಮೇತ ಸ್ಕ್ಯಾನ್ ಮಾಡಿ ಪುಟವನ್ನೇ ಕತ್ತರಿಸಿ ಇಟ್ಟೆವು.

ಕಂಪ್ಯೂಟರಿನಲ್ಲಿದೆಯಲ್ಲ, ಮತ್ತೇನು?

ಈ ಮಾತಿಗೆ ಆ ಮನೆಯಲ್ಲೇ ಉತ್ತರ ಸಿಕ್ಕಿತು. ಕೆಲ ವರ್ಷಗಳ ಹಿಂದೆ ಮದುವೆ ಆಲ್ಬಂ ಅನ್ನು ಒಂದು ಸ್ಟುಡಿಯೊದಲ್ಲಿ ಸೀಡಿಗೆ ಹಾಕಿಸಿದ್ದರು. ಸೀಡಿ ಓದುವ ಕಂಪ್ಯೂಟರ್ ಹುಡುಕಿ ಹಾಕಿದರೆ ಅರ್ಧ ಫೈಲು ತೆರೆಯಲೇ ಇಲ್ಲ, ತೆರೆದವು ಅಂಚೆಚೀಟಿ ಗಾತ್ರ. ಅತ್ತೆ ತುಂಬಾ ಹಿಂದೆ ಅಜ್ಜನ ಕೆಲವು ಕಾಗದಗಳನ್ನು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದರು. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ಫಾಂಟು, ಈಗ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ, ಬಹುಪಾಲು ಸರಿಯಾಗಿ ಬಂತು. ಅರ್ಕಾವತ್ತು ಇದ್ದಲ್ಲಿ ಎಡವಟ್ಟಾಗಿದ್ದನ್ನು ಅತ್ತೆ ಕೂತು ತಿದ್ದಿದರು. ಅಜ್ಜನ ಮೂಲ ಕಾಗದ ಮಾತ್ರ ಯಾವ ಫಾಂಟೂ ಕೇಳದೆ ಓದಿಸಿಕೊಂಡಿತು.

ಸ್ಕ್ಯಾನ್ ಮಾಡಿದ ಲೆಕ್ಕ ಹೀಗಿದೆ. ದೊಡ್ಡ ಪ್ರಿಂಟುಗಳು 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ), ಕ್ಲಿಕ್ 3ರ ಪುಟ್ಟ ಚೌಕಗಳು 1200, ಕಾಗದಗಳು 400, ಎಲ್ಲವೂ ಬಣ್ಣದಲ್ಲಿ. ಕಪ್ಪು ಬಿಳುಪನ್ನೂ ಬಣ್ಣದಲ್ಲೇ ಮಾಡಬೇಕು, ಕಲೆ ಯಾವುದು, ಇಂಕು ಯಾವುದು ತಿಳಿಯುತ್ತದೆ. ಹಿಂಭಾಗವನ್ನೂ ಬಿಡಬಾರದು. ಸ್ಟುಡಿಯೊದ ಸೀಲು, ಅಜ್ಜನ ಒಂದು ಸಾಲು, ಎಲ್ಲ ಅಲ್ಲೇ. ಮೂಲ ಸ್ಕ್ಯಾನು ಟಿಫ್ ಎಂಬ ದೊಡ್ಡ ಫೈಲಿನಲ್ಲಿ, ಹಂಚಲು ಚಿಕ್ಕದಾದ ಜೆಪಿಜಿ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದನ್ನೇ ಇಟ್ಟುಕೊಂಡರೆ ಆಯಿತು ಎಂದುಕೊಳ್ಳಬೇಡಿ, ಅದು ಫೋಟೊವನ್ನು ಹಿಂಡಿ ಕಳಿಸುತ್ತದೆ. ಎರಡು ಹಾರ್ಡ್ ಡಿಸ್ಕ್, ಒಂದು ಬೆಂಗಳೂರಿನಲ್ಲಿ, ಒಂದು ಮೈಸೂರಿನಲ್ಲಿ. ಮೂರನೆಯದು ಕ್ಲೌಡಿನಲ್ಲಿ. ಕ್ಲೌಡ್ ಖಾತೆ ಅಜ್ಜಿಯ ಹೆಸರಿನಲ್ಲಿ ಮಾಡೋಣ ಎಂದು ಭಾವುಕರಾಗಿ ಹೊರಟಿದ್ದರು. ಗೂಗಲ್‌ನವರು ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದು ಎಂದು ನಿಯಮ ಮಾಡಿದ್ದಾರೆ. ದಿನಾ ಬಳಸುವ ಗೆಳತಿಯ ಖಾತೆಯಲ್ಲೇ ಹಾಕಿ, ಅವಳಿಗೆ ಏನಾದರೂ ಆದರೆ ಅತ್ತೆಗೆ ಸಿಗುವಂತೆ ಅದರೊಳಗೇ ಇರುವ ವ್ಯವಸ್ಥೆ ಹಾಕಿಕೊಂಡರು.

ಎಲ್ಲವನ್ನೂ ಇಡಬೇಕೇ?

ಇದು ನನ್ನ ಕೆಲಸದ ಭಾಗವಲ್ಲ, ಆದರೆ ನನ್ನ ಎದುರಿಗೇ ನಡೆಯಿತು. ಕಾಗದದ ಕಟ್ಟುಗಳ ಮಧ್ಯೆ ಅಜ್ಜಿಗೆ ಅವರ ಅಕ್ಕ ಬರೆದ ಕೆಲವು ಇದ್ದವು. ಅಜ್ಜಿ ಅವನ್ನು ಕೈಗೆ ತೆಗೆದುಕೊಂಡು, ಓದಿಸದೆ, ಸ್ಕ್ಯಾನ್ ಮಾಡಲು ಬಿಡದೆ, ಬಚ್ಚಲ ಒಲೆಗೆ ಹಾಕಿಬಿಟ್ಟರು. ಗೆಳತಿಗೆ ಸಿಟ್ಟು, ಅತ್ತೆ ಫೋನಿನಲ್ಲಿ ಅತ್ತರು. ಒಂದು ಪ್ರತಿಯಾದರೂ ಇಟ್ಟುಕೊಳ್ಳಬಹುದಿತ್ತು ಎಂದು ಈಗಲೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾಗದ ಬಂದದ್ದು ಅವರಿಗೆ. ಬರೆದವರು ಇಲ್ಲ, ಓದಬೇಕಾದವರು ಓದಿ ಆಗಿದೆ. ಉಳಿದ ಕೆಲವು ಕಾಗದಗಳಲ್ಲಿ ಸಾಲ, ಪಾಲು, ಉಳಿಯದ ಒಂದು ಮಗುವಿನ ವಿಷಯ ಇದೆ. ಅವುಗಳ ಸ್ಕ್ಯಾನನ್ನು ಹಂಚುವ ಫೋಲ್ಡರಿಗೆ ಹಾಕಿಲ್ಲ, ಬೇರೆ ಕವರಿನಲ್ಲಿ ಮುಚ್ಚಿ 'ಅಜ್ಜಿಯ ಕಾಲದ ನಂತರ ಮೂರೂ ಜನ ಒಪ್ಪಿ ತೆರೆಯುವುದು' ಎಂದು ಬರೆದಿದ್ದಾರೆ. ಒಪ್ಪುತ್ತಾರೋ ಇಲ್ಲವೋ, ಅದು ಅವರ ಪಾಡು.

ಮೂಲ ಸಾಮಾನು ಯಾರ ಹತ್ತಿರ ಇರಬೇಕು ಎಂಬುದು ಅದಕ್ಕಿಂತ ದೊಡ್ಡ ಜಗಳ. ಮನೆ ವಸ್ತು ಮನೆಯಲ್ಲೇ ಇರಬೇಕು ಎಂದು ದೊಡ್ಡ ಮಗ. ಮೂರು ಪಾಲು ಮಾಡಿ ಎಂದು ಚಿಕ್ಕಪ್ಪ, ತೋಟದ ಹಾಗೆ. ಪಾಲು ಮಾಡಿದರೆ ಅಜ್ಜನ ಕಟ್ಟುಗಳು ಒಡೆಯುತ್ತವೆ ಎಂದು ನಾನು ಮೂಗು ತೂರಿಸಿದೆ. ಕೊನೆಗೆ ಮೀಟರಿನ ಸಂಖ್ಯೆಯೇ ತೀರ್ಮಾನ ಮಾಡಿತು. ಮೈಸೂರಿನ ಗಾಳಿ ಮಲೆನಾಡಿಗಿಂತ ಎಷ್ಟೋ ಒಣ, ಅತ್ತೆಯ ಮನೆಯಲ್ಲಿ ಹೊರಗೋಡೆಗೆ ತಾಗದ ಒಂದು ಮರದ ಕಪಾಟಿದೆ, ಮೂಲವೆಲ್ಲ ಅಲ್ಲಿಗೆ. ಊರಿನ ಮನೆಗೆ ದೊಡ್ಡ ಪ್ರಿಂಟುಗಳು ಮತ್ತು ಹೆಸರು ಸಮೇತ ಪುಸ್ತಕದಂತೆ ಕಟ್ಟಿಸಿದ ಒಂದು ಪ್ರತಿ. ಡೈರಿ ಮಾತ್ರ ಗೆಳತಿಗೆ, ಸೊಸೆಯ ಆ ಐದು ತಿಂಗಳ ಕಾಗದಗಳ ಜೊತೆ. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಡಬ್ಬಿಗೆ ತುಂಬಿದ್ದು ಫೆಬ್ರವರಿ ಕೊನೆಯಲ್ಲಿ. ಇದು ಮುಖ್ಯ. ಕಾಗದವೇ ತೇವ ಹೀರಿಕೊಂಡಿರುತ್ತದೆ, ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಗೆ ಹಾಕಿದರೆ ಒಳಗೇ ಬೇಯುತ್ತದೆ. ಬೇಸಿಗೆ ಶುರುವಿನ ಒಣ ದಿನಗಳಲ್ಲಿ ನಾಲ್ಕು ದಿನ ನೆರಳಿನಲ್ಲಿ ಹರವಿ ಆಮೇಲೆ ಮುಚ್ಚಬೇಕು. ಡಬ್ಬಿ ಪಾಲಿಪ್ರೊಪಿಲೀನ್, ರಬ್ಬರ್ ಅಂಚಿನ ಮುಚ್ಚಳ. ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಕವರು, ಫೈಲು ಯಾವುದೂ ಬೇಡ. ಒಳಗೆ ಬಟ್ಟೆಯ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್, ಪಕ್ಕದಲ್ಲಿ ಅದೇ ಮೀಟರು. ಮೀಟರ್ 50 ದಾಟಿದರೆ ಜೆಲ್ ತೆಗೆದು ಓವನ್ನಿನಲ್ಲಿ ಬಿಸಿ ಮಾಡಿ ಮತ್ತೆ ಹಾಕುವುದು. ಒಟ್ಟು ಖರ್ಚು ಹತ್ತು ಸಾವಿರದೊಳಗೆ ಮುಗಿದಿದೆ, ಸ್ಕ್ಯಾನರ್ ಬಿಟ್ಟು, ಅದು ಯಾರದೋ ಆಫೀಸಿನದು.

ಉಳಿದಿರುವುದು ಎರಡು. ಗುರುತು ಸಿಗದ ಒಂದಷ್ಟು ಫೋಟೊಗಳನ್ನು ಬೇರೆ ಲಕೋಟೆಯಲ್ಲಿಟ್ಟು ಅಜ್ಜಿಯ ತಂಗಿಗೆ ತೋರಿಸಲು ಸೊರಬಕ್ಕೆ ಹೋಗಬೇಕು, ಮಳೆ ಹಿಡಿಯುವ ಮುಂಚೆ. ಇನ್ನೊಂದು ಚಿಕ್ಕಪ್ಪನ ಉಪನಯನದ ವಿಎಚ್ಎಸ್ ಕ್ಯಾಸೆಟ್ಟು. ಟೇಪಿನ ಅಂಚಿನಲ್ಲೂ ಬಿಳಿ ಬೂಷ್ಟಿದೆ, ಹಾಗೇ ವಿಸಿಆರ್‌ಗೆ ಹಾಕಿದರೆ ಎರಡೂ ಹಾಳು. ಕ್ಲೀನ್ ಮಾಡಿ ಡಿಜಿಟಲ್ ಮಾಡಿಕೊಡುವವರು ನಿಮಗೆ ಗೊತ್ತಿದ್ದರೆ ಹೇಳಿ.